ನೀರಿಲ್ಲದ ಚಾ

ಶಿವರಾತ್ರಿ ಕಳೆದು ನಾಲ್ಕನೇ ದಿನ. ಚಳಿ ಶಿವಶಿವಾ ಎನ್ನುತ್ತ ಊರು ಬಿಟ್ಟಿತ್ತು. ಬೆಳಗಿನ ಏಳರ ಮಿಲ್ಲಿನ ಕೂಗು ಆಗಿ ಒಂದು ಬಟ್ಟಲು ಗಂಜಿ ಕುಡಿಯುವಷ್ಟು ಹೊತ್ತಾಗಿರಬಹುದು, ಆವರಗೆರೆಯ ಪುಟ್ಟಕ್ಕ ತಲೆಯ ಮೇಲಿನ ಹಾಲಿನ ಕೊಡವನ್ನು ದಾವಣಗೆರೆಯ ಕಲ್ಲೇಶಪ್ಪನ ಹೋಟೆಲಿನ ಹಿತ್ತಲ ಬಾಗಿಲಲ್ಲಿ ಇಳಿಸಿದಳು. ಈ ಸಂಗತಿ ಶುರುವಾದದ್ದು ಅಲ್ಲಿ. ನಯಾಪೈಸೆ ಬಂದು ಎರಡು ವರ್ಷ ಆಗಿದ್ದ ಕಾಲ.

ಕಲ್ಲೇಶಪ್ಪ ಹಾಲು ಅಳೆಸಿಕೊಳ್ಳುವ ಮೊದಲೇ ಅವಳನ್ನು ಕಟ್ಟೆಯ ಮೇಲೆ ಕೂಡಲು ಹೇಳಿದ. ಕೂಡು ಎನ್ನುವ ರೂಢಿ ಅವನಿಗೆ ಇರಲಿಲ್ಲ. ಪುಟ್ಟಕ್ಕನ ಮಗಳು ಮೈಲಮ್ಮನ ಸಂಬಂಧಕ್ಕೆ ನಡುವೆ ನಿಂತವನು ಅವನೇ. ಹುಡುಗ ನಿಂಗಪ್ಪ ಹರಿಹರದವನು, ಅಲ್ಲಿಯ ಕಾರ್ಖಾನೆಯಲ್ಲಿ ಕೆಲಸ. ಬಂದು ನೋಡಿ ಒಪ್ಪಿ ಹೋಗಿದ್ದ. ಹುಡುಗನ ಅಪ್ಪ ಮಾಳಿಂಗಪ್ಪನೂ ಒಪ್ಪಿದ್ದ. ಆದರೆ ಈಗ ಒಂದು ಮಾತು ಹೇಳಿ ಕಳಿಸಿದ್ದಾನೆ ಎಂದ ಕಲ್ಲೇಶಪ್ಪ. ಹುಡುಗಿಯ ಅಪ್ಪನಿಗೂ ಚಿಕ್ಕಪ್ಪನಿಗೂ ನೀರು ಬಿಟ್ಟು ಹೋಗಿದೆ, ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟುವುದಿಲ್ಲ ಎಂಬುದು ಹರಿಹರದವರೆಗೂ ಮುಟ್ಟಿತ್ತು.

"ಅಣ್ತಮ್ರು ಒಂದೇ ಕಂಬಳಿ ಮ್ಯಾಲೆ ಕೂತು ನಮ್ಮೆದ್ರಿಗೆ ಚಾ ಕುಡೀಲಿ ಅಂದಾನೆ. ಕುಡಿದ್ರೆ ಅಲ್ಲೇ ವೀಳ್ಯ ಹಿಡೀತಾನಂತೆ. ಇಲ್ಲಾಂದ್ರೆ ಚಿತ್ರದುರ್ಗದ ಕಡೆ ಇನ್ನೊಂದು ಹೆಣ್ಣು ಐತಂತೆ."

"ಹಾಲು ಕೊಟ್ರೆ ಆಗಲ್ವೇನ್ರಿ ಸಾವ್ಕಾರ್ರೆ?"

"ಕೇಳ್ದೆ. ಹಾಲು ಹಾವೂ ಕುಡೀತೈತೆ, ಅದು ಲೆಕ್ಕಕ್ಕೆ ಬರಲ್ಲ ಅಂದ. ಚಾ ಅಂದ್ರೆ ನೀರು. ಅವನಿಗೆ ಬೇಕಾಗಿರೋದು ನೀರು ಕುಡಿದದ್ದು."

ಕೊಡದ ಬಾಯಿಗೆ ಮುಚ್ಚಿದ್ದ ಮುತ್ತುಗದ ಎಲೆಯ ಮೇಲೆ ನೊಣ ಕೂತರೂ ಪುಟ್ಟಕ್ಕ ಓಡಿಸಲಿಲ್ಲ.

ಅವಳ ಗಂಡ ಕೆಂಚಣ್ಣನೂ ಮೈದುನ ಜಂಬಯ್ಯನೂ ಜಗಳವಾಡಿದ್ದು ಒಂದು ಬಾವಿಗೆ. ಹೊಲ ಭಾಗವಾದಾಗ ಬಾವಿ ಅಣ್ಣನ ಪಾಲಿಗೆ ಬಿತ್ತು. ತಮ್ಮನಿಗೆ ವಾರಕ್ಕೆ ಎರಡು ದಿನ ಎತ್ತು ಹೂಡಿ ನೀರೆತ್ತುವ ಕಪಿಲೆ ಹೊಡೆಯುವ ಪಾಳಿ. ಒಂದು ಬೇಸಿಗೆಯಲ್ಲಿ ನೀರು ತಳ ಕಂಡಿತು, ಕೆಂಚಣ್ಣ ತಮ್ಮನ ಪಾಳಿಯ ದಿನವೂ ತನ್ನ ಎತ್ತನ್ನೇ ಹೂಡಿದ. ಜಂಬಯ್ಯನ ಈರುಳ್ಳಿ ನಿಂತಲ್ಲೇ ಒಣಗಿತು. ಬಾಯಿಗೆ ಬಾಯಿ ಬೆಳೆಯಿತು. ಕೊನೆಗೆ ಇಬ್ಬರೂ ಹರಿಹರಕ್ಕೆ ಹೋಗಿ, ಹೊಳೆಯಲ್ಲಿ ಸೊಂಟದ ಮಟ್ಟ ನಿಂತು, ಬೊಗಸೆಯಲ್ಲಿ ನೀರು ಹಿಡಿದು, ನಿನ್ನ ಮನೆ ನೀರು ನನ್ನ ಗಂಟಲಿಗೆ ಇಳಿದರೆ ನನ್ನ ವಂಶದ ದೀಪ ಆರಲಿ ಎಂದು ಆಣೆ ಮಾಡಿ ಬಂದರು. ಜಂಬಯ್ಯ ಹೊಲವನ್ನು ಬೇರೆಯವರಿಗೆ ಪಾಲಿನ ಕೋರಿಗೆ ಹಾಕಿ ದಾವಣಗೆರೆಯ ಮಿಲ್ಲಿಗೆ ಸೇರಿಕೊಂಡ. ಒಂಬತ್ತು ವರ್ಷವಾಗಿತ್ತು. ಅವನಿಗೆ ಆ ಒಂಬತ್ತು ವರ್ಷವೂ ಮಕ್ಕಳಾಗಲಿಲ್ಲ. ಈಗ ಅವನ ಹೆಂಡತಿ ಕಮಲಕ್ಕನಿಗೆ ಏಳು ತಿಂಗಳು.

ಕಲ್ಲೇಶಪ್ಪ ಹೋಟೆಲು ನಡೆಸುವವನು. ಗಿರಾಕಿಯ ಮುಖ ನೋಡಿ ಒಲೆಯ ಉರಿ ಏರಿಸಿ ಇಳಿಸಿ ಗೊತ್ತಿದ್ದವನು. ದನಿ ತಗ್ಗಿಸಿದ. ತನ್ನ ಹೋಟೆಲಿಗೆ ಬರುವ ಹತ್ತಿ ವ್ಯಾಪಾರದ ದೊಡ್ಡ ಕುಳಗಳಿಗೆ ಒಂದು ತೊಟ್ಟೂ ನೀರು ಹಾಕದೆ ಬರೀ ಹಾಲಿನಲ್ಲೇ ಚಾ ಕಾಸಿ ಕೊಡುವುದುಂಟು ಎಂದ. ಪುಡಿ ಒಂದು ಚಿಟಿಕೆ ಹೆಚ್ಚು ಬಿದ್ದರೆ ಬಣ್ಣದಲ್ಲಿ ಯಾರಿಗೂ ಗುರುತು ಸಿಗುವುದಿಲ್ಲ. ನೋಡಿದವರಿಗೆ ಅದು ಚಾ, ಕುಡಿದವನಿಗೆ ಅದು ಹಾಲು. ಮಾಳಿಂಗಪ್ಪನ ಮಾತೂ ನಡೆಯಿತು, ಜಂಬಯ್ಯನ ಆಣೆಯೂ ಉಳಿಯಿತು. ಬೆಲ್ಲ ಹಾಕಬೇಡ, ಹಾಲು ಒಡೆದೀತು; ಸಕ್ಕರೆ ಹಾಕು; ಶುಂಠಿ ಜಜ್ಜಿ ಹಾಕು ಎಂದು ಹೇಳಿ ಒಂದು ಪೊಟ್ಟಣ ಚಾಪುಡಿ ಅವಳ ಸೆರಗಿಗೆ ಹಾಕಿದ.

"ಒಂದಿನ ಮಾತ್ರ ನಿಮ್ಮನಿ ಹಾಲಿಗೆ ನೀರು ಬೀಳ್ದಂಗೆ ನೋಡ್ಕೊ ಪುಟ್ಟಕ್ಕ. ನಿಮಗೆ ಅದೇ ಕಷ್ಟ."

ಪುಟ್ಟಕ್ಕನಿಗೆ ನಗೆ ಬರಲಿಲ್ಲ. ಕೊಡಕ್ಕೆ ಒಂದು ಚೆಂಬು ನೀರು ಹಾಕುವುದು ಅವಳ ಮನೆಯಲ್ಲಿ ಕಳ್ಳತನವಾಗಿರಲಿಲ್ಲ, ಪದ್ಧತಿಯಾಗಿತ್ತು. ಅತ್ತೆ ದುರುಗವ್ವ ನಲವತ್ತು ವರ್ಷ ಹಾಗೇ ಹಾಲು ಮಾರಿ ಇಬ್ಬರು ಮಕ್ಕಳನ್ನು ಸಾಕಿದ್ದಳು.

ಅದೇ ಬಿಸಿಲಲ್ಲಿ ಪುಟ್ಟಕ್ಕ ಮಿಲ್ಲಿನ ಸಾಲುಮನೆಗಳ ಕಡೆಗೆ ನಡೆದಳು. ಒಂಬತ್ತು ವರ್ಷ ಆ ಬೀದಿಯಲ್ಲೇ ಹಾಲು ಹೊತ್ತು ತಿರುಗಿದ್ದರೂ ಮೈದುನನ ಹೊಸ್ತಿಲ ಒಳಗೆ ಕಾಲಿಟ್ಟಿರಲಿಲ್ಲ. ಹೊರಗಿನಿಂದಲೇ ಕಮಲಕ್ಕನ ಜೊತೆ ನಾಲ್ಕು ಮಾತಾಡಿ ಹೋಗುತ್ತಿದ್ದಳು. ಆವತ್ತು ಬಾಗಿಲಲ್ಲಿ ನಿಂತು ಎಲ್ಲ ಹೇಳಿದಳು. ಜಂಬಯ್ಯ ರಾತ್ರಿಪಾಳಿ ಮುಗಿಸಿ ಬಂದು ಹತ್ತಿಯ ಧೂಳು ಕೊಡವುತ್ತಿದ್ದ. ಮೈಲಮ್ಮನನ್ನು ಅವನು ಹೆಗಲ ಮೇಲೆ ಹೊತ್ತು ತಿರುಗಿಸಿದ್ದ. ಆಣೆಯಾದಾಗ ಅವಳಿಗೆ ಒಂಬತ್ತು ವರ್ಷ.

"ಬರೀ ಹಾಲೇನ್ ಅತ್ಗೆಮ್ಮ?"

"ಬರೀ ಹಾಲು. ನಾನೇ ಕರೀತೀನಿ, ನಾನೇ ಕಾಸ್ತೀನಿ."

ಅವನು ತಲೆಯಾಡಿಸುವ ಮೊದಲೇ ಕಮಲಕ್ಕ ಒಳಗಿನಿಂದ ಗೋಡೆ ಹಿಡಿದು ಬಂದಳು. ಮೆತ್ತಗಿನ ಹೆಂಗಸು, ಗಟ್ಟಿಯಾಗಿ ಮಾತಾಡಿದವಳಲ್ಲ. ಪುಟ್ಟಕ್ಕನ ಬಲಗೈ ತೆಗೆದುಕೊಂಡು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗೆ ಕೂಸು ಮಗ್ಗುಲು ತಿರುಗಿದ್ದು ಪುಟ್ಟಕ್ಕನ ಅಂಗೈಗೆ ತಿಳಿಯಿತು.

"ಇಲ್ಲಿ ಕೈ ಇಟ್ಟು ಹೇಳಕ್ಕ. ಒಂದು ತೊಟ್ಟು ಇರಲ್ಲ ಅಂತ."

"ಒಂದು ತೊಟ್ಟು ಇರಲ್ಲ ಕಮಲವ್ವ," ಎಂದಳು ಪುಟ್ಟಕ್ಕ.

ಮುಂದಿನ ವಾರದ ಗುರುವಾರಕ್ಕೆ ಮಾತಾಯಿತು. ಈ ಯುಕ್ತಿ ಕೆಂಚಣ್ಣನಿಗೆ ಗೊತ್ತಿತ್ತು, ದುರುಗವ್ವನಿಗೆ ಹೇಳಲಿಲ್ಲ. ಅವ್ವನ ಕಿವಿಗೆ ಹಾಕಿದರೆ ಊರ ಕಟ್ಟೆಯ ಮೇಲೆ ಡಂಗುರ ಹೊಡೆದಂತೆ, ಬೀಗರ ಮುಂದೆಯೇ ಬಾಯಿಬಿಟ್ಟಾಳು ಎಂದ ಕೆಂಚಣ್ಣ. ಮುದುಕಿಗೆ ಗೊತ್ತಿದ್ದದ್ದು ಇಷ್ಟೆ: ಚಿಕ್ಕಮಗ ಮನೆಗೆ ಬರುತ್ತಾನೆ, ಕೂಡುತ್ತಾನೆ, ಕುಡಿಯುತ್ತಾನೆ. ಯಾಕೆ ಹೇಗೆ ಎಂದು ಅವಳು ಕೇಳಲಿಲ್ಲ. ಎರಡು ದಿನ ಮೊದಲೇ ಪಡಸಾಲೆಯನ್ನು ತಾನೇ ಬಗ್ಗಿ ಸಾರಿಸಿದಳು. ಕರಿಕಂಬಳಿಯನ್ನು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದಳು.

ಗುರುವಾರ ಪುಟ್ಟಕ್ಕ ನಸುಕಿನಲ್ಲೇ ಎದ್ದಳು. ಎಮ್ಮೆಯ ಕೆಚ್ಚಲು ತೊಳೆದ ಮೇಲೆ ಹಳೆ ಸೀರೆಯ ತುಂಡಿನಿಂದ ಎರಡು ಸಲ ಒರೆಸಿದಳು. ಹಾಲಿನ ಪಾತ್ರೆಯನ್ನು ಒಲೆಯ ಮೇಲೆ ಬೋರಲು ಹಾಕಿ ತೇವ ಆರುವವರೆಗೆ ಕಾಯಿಸಿದಳು. ಶುಂಠಿಯನ್ನು ತೊಳೆಯಲಿಲ್ಲ, ಚಾಕುವಿನಿಂದ ಹೆರೆದಳು. ಕಲ್ಲೇಶಪ್ಪನ ಹೋಟೆಲಿನಿಂದ ತಂದಿದ್ದ ಪಿಂಗಾಣಿ ಕಪ್ಪು ಬಸಿಗಳನ್ನೂ ಒಂದೊಂದಾಗಿ ಒರೆಸಿ ಇಟ್ಟಳು. ಮೈಲಮ್ಮ ಇದನ್ನೆಲ್ಲ ನೋಡಿ, ಏನವ್ವ ಇದು, ಚಾ ಕಾಸ್ತೀಯೋ ಮಡಿ ಮಾಡ್ತೀಯೋ ಎಂದು ನಕ್ಕಳು.

ಐದು ಮಂದಿ ಬರುತ್ತೇವೆ ಎಂದಿದ್ದ ಮಾಳಿಂಗಪ್ಪ ಹನ್ನೊಂದು ಮಂದಿಯಾಗಿ ಬಂದ. ಅಣ್ಣತಮ್ಮಂದಿರು ನೀರು ಕುಡಿಯುವುದನ್ನು ನೋಡಲು ಬಂದವರೇ ಅದರಲ್ಲಿ ಅರ್ಧ. ಕಲ್ಲೇಶಪ್ಪ ಬಂದ. ಜಂಬಯ್ಯನೂ ಬಂದ, ಬಿಳಿ ಅಂಗಿ ಹಾಕಿದ್ದ, ಹೊಸ್ತಿಲ ಮುಂದೆ ಚಪ್ಪಲಿ ಬಿಡುವಾಗ ಕಾಲು ಸ್ವಲ್ಪ ತಡವರಿಸಿತು. ದುರುಗವ್ವ ಅವನ ಮುಖ ನೋಡಿ ಒಳಗೆ ಹೋದಳು. ಕೆಂಚಣ್ಣ ಕಂಬಳಿಯ ಮೇಲೆ ಜರುಗಿ ಜಾಗ ಮಾಡಿದ. ಇಬ್ಬರೂ ಕೂತರು, ನಡುವೆ ಒಂದು ಗೇಣು ಬಿಟ್ಟು.

ಹಾಲು ಉಕ್ಕಿ ಪುಡಿ ಬಿದ್ದು ಬಣ್ಣ ತಿರುಗುವ ಹೊತ್ತಿಗೆ, ಮೈಲಮ್ಮನ ಸೀರೆಯ ನೆರಿಗೆ ಜಾರಿದೆ, ಬೇಗ ಬಾ ಎಂದು ಒಳಕೋಣೆಯಿಂದ ಕೂಗಿದರು. ಪುಟ್ಟಕ್ಕ ಸೌದೆ ಹಿಂದಕ್ಕೆ ಎಳೆದು, ಅತ್ತೆಗೆ ಉಕ್ಕದಂತೆ ನೋಡಿಕೊಳ್ಳಲು ಹೇಳಿ ಹೋದಳು. ಎಲೆ ಅಡಿಕೆ ಜಗಿಯುವಷ್ಟು ಹೊತ್ತೂ ಆಗಿರಲಿಲ್ಲ, ತಿರುಗಿ ಬಂದಳು. ಪಾತ್ರೆ ಒಲೆಯ ಮೇಲೆ ಹಾಗೇ ಇತ್ತು. ಬಟ್ಟೆಯಲ್ಲಿ ಸೋಸಿದಳು. ಹದಿನಾಲ್ಕು ಕಪ್ಪು ತುಂಬಿದವು.

ಮೈಲಮ್ಮ ಹರಿವಾಣ ಹಿಡಿದು ಹೊರಗೆ ಹೋದಳು. ಪುಟ್ಟಕ್ಕ ಬಾಗಿಲ ಸಂದಿಯಲ್ಲಿ ನಿಂತಳು. ಮಾಳಿಂಗಪ್ಪ ತನ್ನ ಕಪ್ಪನ್ನು ಮುಟ್ಟದೆ ಕಂಬಳಿಯ ಕಡೆಯೇ ನೋಡುತ್ತಿದ್ದ. ಕೆಂಚಣ್ಣ ಕುಡಿದ, ಅವನ ಮನೆ, ಅವನದೇನು. ಜಂಬಯ್ಯ ಚಾವನ್ನು ಬಸಿಗೆ ಬಗ್ಗಿಸಿಕೊಂಡು ಊದಿ ಒಂದು ಗುಟುಕು ಎಳೆದ. ಎಳೆದವನು ತಡೆದ. ಬಸಿಯಲ್ಲಿ ಉಳಿದದ್ದನ್ನು ನೋಡಿದ. ತಲೆಯೆತ್ತಿ, ಹರಿವಾಣ ಹಿಡಿದು ನಿಂತಿದ್ದ ಮೈಲಮ್ಮನನ್ನು ನೋಡಿದ. ಬಿಸಿ ಹೆಚ್ಚಾಗಿರಬೇಕು ಎಂದುಕೊಂಡಳು ಪುಟ್ಟಕ್ಕ. ಆಮೇಲೆ ಅವನು ಬಸಿಯನ್ನು ಬಾಯಿಗೆ ಹಿಡಿದು ಪೂರಾ ಕುಡಿದ. ಕಪ್ಪನ್ನು ಮುಂದೆ ಚಾಚಿ, "ಇನ್ನೊಂದೀಟು ಹಾಕವ್ವ," ಎಂದ.

ಹರಿಹರದವರು ನಕ್ಕರು. ಮಾಳಿಂಗಪ್ಪ, ಈಗ ಆತು ನೋಡ್ರಪ ಎಂದು ಎಲೆ ಅಡಿಕೆಯ ತಟ್ಟೆಯನ್ನು ಮುಂದೆ ಸರಿಸಿದ. ವೀಳ್ಯ ಕೈಬದಲಾಯಿತು. ವೈಶಾಖಕ್ಕೆ ಮದುವೆ ಎಂದಾಯಿತು.

ಬಂದವರು ಹೋದ ಮೇಲೆ ಪುಟ್ಟಕ್ಕ ಅಡಿಗೆಮನೆಯಲ್ಲಿ ಕಪ್ಪುಗಳ ಮುಂದೆ ಕೂತು ಉಸಿರು ಬಿಟ್ಟಳು. ದುರುಗವ್ವ ಗೋಡೆಗೆ ಒರಗಿ ಕಾಲು ಚಾಚಿದ್ದಳು. ಮುದುಕಿಯ ಮುಖ ತೊಳೆದಿಟ್ಟ ಹಿತ್ತಾಳೆಯ ಹಾಗೆ ಹೊಳೆಯುತ್ತಿತ್ತು. ತಾನು ಬದುಕಿರುವಾಗ ಇದನ್ನು ನೋಡುತ್ತೇನೆ ಅಂದುಕೊಂಡಿರಲಿಲ್ಲ ಎಂದಳು. ಆಮೇಲೆ ಸೊಸೆಯನ್ನು ಸ್ವಲ್ಪ ಆಡಿಕೊಳ್ಳುವ ಹಾಗೆ ಹೇಳಿದಳು:

"ಐದು ಮಂದಿಗೆ ಕಾಸಿ ಹನ್ನೊಂದು ಮಂದಿಗೆ ಹೆಂಗೆ ಹಂಚ್ತಿದ್ದೆ? ನಾ ಇದ್ದುದ್ದಕ್ಕೆ ಮರ್ಯಾದಿ ಉಳೀತು. ಬಾವಿದು ಒಂದು ಚೆಂಬು ಹಾಕಿ ಕುದಿಸಿಬಿಟ್ಟೆ."

ಪುಟ್ಟಕ್ಕನ ಕೈಯಲ್ಲಿದ್ದ ಬಸಿ ಕೈಯಲ್ಲೇ ಇತ್ತು. ಬೀಳಲಿಲ್ಲ. ಅವಳು ಅದನ್ನು ನೆಲಕ್ಕೆ ಇಟ್ಟಳು, ತಿರುಗಿ ಎತ್ತಿಕೊಂಡಳು, ತಿರುಗಿ ಇಟ್ಟಳು. ಅತ್ತೆ ಏನೋ ಹೇಳುತ್ತಲೇ ಇದ್ದಳು, ಬಾಯಿ ಆಡುತ್ತಿದ್ದದ್ದು ಕಾಣುತ್ತಿತ್ತು, ಮಾತು ಕಿವಿಗೆ ಬೀಳುತ್ತಿರಲಿಲ್ಲ. ಬಲಗೈಯ ಅಂಗೈ ಮಾತ್ರ ಬೆಚ್ಚಗಾಯಿತು, ಒಳಗೆ ಯಾರೋ ಮಗ್ಗುಲು ತಿರುಗಿದ ಹಾಗೆ. ಅವಳು ಆ ಕೈಯನ್ನು ಸೀರೆಗೆ ಉಜ್ಜಿದಳು.

"ಯಾಕವ್ವ, ಹಿಂಗ್ಯಾಕ ಕುಂತಿ?" ಎಂದಳು ದುರುಗವ್ವ.

ಆಗ ಪುಟ್ಟಕ್ಕ ಹೇಳಿದಳು. ಬರೀ ಹಾಲು ಎಂದು ಮಾತು ಕೊಟ್ಟದ್ದು, ಹೊಟ್ಟೆಯ ಮೇಲೆ ಕೈ ಇಟ್ಟದ್ದು, ಎಲ್ಲ. ಮುದುಕಿ ಅರ್ಧ ಕೇಳುವಾಗಲೇ ಚಾಚಿದ್ದ ಕಾಲನ್ನು ಮಡಿಚಿಕೊಂಡಳು. ಪೂರಾ ಕೇಳಿದ ಮೇಲೆ ತನ್ನ ಎರಡು ಕೈಯನ್ನೂ ಮುಂದೆ ಹಿಡಿದು ನೋಡಿಕೊಂಡಳು, ಬೇರೆ ಯಾರದೋ ಕೈ ನೋಡಿದ ಹಾಗೆ. ಅಳಲಿಲ್ಲ. ನನಗ್ಯಾಕ ಹೇಳ್ಲಿಲ್ಲ ಎಂದು ಒಂದೇ ಸಲ ಕೇಳಿದಳು.

ಕೆಂಚಣ್ಣನಿಗೆ ಹೇಳಿದಾಗ ಅವನು ದನದ ಕೊಟ್ಟಿಗೆಗೆ ಹೋಗಿ, ಮಾಡಲು ಏನೂ ಕೆಲಸವಿಲ್ಲದಿದ್ದರೂ ಬಹಳ ಹೊತ್ತು ನಿಂತು ಬಂದ. ಬಾಯಿ ಮುಚ್ಚಿಕೊಂಡಿರಿ ಎಂದ. ವೀಳ್ಯ ಆಗಿದೆ, ಈಗ ಜಂಬಯ್ಯನಿಗೆ ತಿಳಿದರೆ ಅವನು ಮದುವೆಗೆ ನಿಲ್ಲುವುದಿಲ್ಲ, ಅವನು ನಿಲ್ಲದಿದ್ದರೆ ಮಾಳಿಂಗಪ್ಪ ಹೆಣ್ಣು ಬಿಡುತ್ತಾನೆ. ಅವನ ಮಾತು ತಪ್ಪಲ್ಲ. ಪುಟ್ಟಕ್ಕ ಶುಕ್ರವಾರವೂ ಶನಿವಾರವೂ ಬಾಯಿ ಮುಚ್ಚಿಕೊಂಡೇ ಹಾಲು ಹೊತ್ತಳು. ಸಾಲುಮನೆಯ ಬೀದಿಗೆ ಹೋಗದೆ ಸುತ್ತು ಹಾಕಿ ಬಂದಳು. ಆದರೆ ಎಲ್ಲೇ ಕೊಡ ಇಳಿಸಲಿ, ಯಾರ ಮನೆಯಲ್ಲಿ ಕೂಸು ಅಳಲಿ, ಅವಳ ಕಾಲು ನಿಂತುಬಿಡುತ್ತಿತ್ತು. ಕಮಲಕ್ಕನಿಗೆ ಏನಾದರೂ ಆದರೆ ಆ ಸುದ್ದಿಯನ್ನು ಯಾರು ತರುತ್ತಾರೆ, ಯಾವ ಹೊತ್ತಿನಲ್ಲಿ ತರುತ್ತಾರೆ ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದಳು. ದುರುಗವ್ವ ಎರಡು ದಿನವೂ ಎಮ್ಮೆಯ ಹತ್ತಿರ ಸುಳಿಯಲಿಲ್ಲ. ಹಾಲಿನ ಚೆಂಬನ್ನು ಮುಟ್ಟಲಿಲ್ಲ.

ಭಾನುವಾರ ಬೆಳಿಗ್ಗೆ ಮುದುಕಿ ಕೋಲು ತೆಗೆದುಕೊಂಡು ಹೊರಟು ನಿಂತಳು. ನಾನು ಮಾಡಿದ್ದನ್ನು ನಾನೇ ಹೇಳಿ ಬರುತ್ತೇನೆ, ತಡೆಯಬೇಡಿ ಎಂದಳು. ಕೆಂಚಣ್ಣ ಅಡ್ಡ ಬಂದ. ಮಗಳ ಮದುವೆ ಬೇಡವೇನು ಎಂದು ಹೆಂಡತಿಯನ್ನು ಕೇಳಿದ. ಪುಟ್ಟಕ್ಕ ಅತ್ತೆಯ ಹಿಂದೆ ನಡೆದಳು. ಮದುವೆ ಬೇಕಿತ್ತು. ಅದಕ್ಕಾಗಿಯೇ ದಾರಿಯಲ್ಲಿ ಎರಡು ಸಲ ತಿರುಗಿ ಮನೆಯ ಕಡೆ ನೋಡಿದಳು.

ಮಿಲ್ಲಿಗೆ ರಜೆ. ಜಂಬಯ್ಯ ಹೊರಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ. ಅವ್ವನನ್ನು ಕಂಡು ಎದ್ದು ಬೀಡಿ ಆರಿಸಿದ. ದುರುಗವ್ವ ಕೂಡದೆ, ಕೋಲಿನ ಮೇಲೆ ಎರಡೂ ಕೈ ಊರಿ ನಿಂತು, ಸುತ್ತಿ ಬಳಸದೆ ಹೇಳಿದಳು.

"ಆ ಚಾದಾಗೆ ನೀರಿತ್ತಪ್ಪ. ನಾನೇ ಹಾಕಿದ್ದು. ನಂಗೊತ್ತಿರ್ಲಿಲ್ಲ."

ಪುಟ್ಟಕ್ಕ ನೆಲ ನೋಡುತ್ತಿದ್ದಳು. ಬೈಗುಳಕ್ಕೆ, ಹೊಡೆತಕ್ಕೂ ಕೂಡ, ಮೈ ಗಟ್ಟಿ ಮಾಡಿಕೊಂಡಿದ್ದಳು. ಏನೂ ಬರಲಿಲ್ಲ. ತಲೆಯೆತ್ತಿದಾಗ ಜಂಬಯ್ಯ ತಾಯಿಯ ಭುಜ ಹಿಡಿದು ಕಟ್ಟೆಯ ಮೇಲೆ ಕೂಡಿಸುತ್ತಿದ್ದ.

"ಗೊತ್ತೈತೆ ಬಿಡವ್ವ. ಮೊದಲ್ನೇ ಗುಟುಕಿಗೇ ಗೊತ್ತಾತು."

ಇಬ್ಬರು ಹೆಂಗಸರೂ ಅವನ ಬಾಯಿಯನ್ನೇ ನೋಡಿದರು.

"ನಿನ್ನ ಹಾಲು ಕುಡಿದು ಬೆಳೆದೋನಿಗೆ ನೀರು ಬಿದ್ದದ್ದು ಗೊತ್ತಾಗಲ್ಲೇನು? ನಮ್ಮ ಬಾವೀದೇ ನೀರು. ಅದಕ್ಕೊಂದು ಸವಳು ಐತಲ್ಲ, ಸಕ್ಕರಿ ಹಾಕಿದ್ರೂ ಹೋಗಲ್ಲ." ಅವನು ಆರಿದ ಬೀಡಿಯನ್ನು ಕಿವಿಗೆ ಸಿಕ್ಕಿಸಿದ. "ಒಂಬತ್ತು ವರ್ಷ ಆಗಿತ್ತವ್ವ, ಅದು ನಾಲಿಗಿಗೆ ಬಿದ್ದು."

ಬಸಿ ಕೆಳಗಿಡಬಹುದಿತ್ತು, ಇಟ್ಟಿದ್ದರೆ ಹುಡುಗಿಯ ಮದುವೆ ಅಲ್ಲೇ ಮುರಿಯುತ್ತಿತ್ತು ಎಂದ. ಹರಿವಾಣ ಹಿಡಿದು ನಿಂತಿದ್ದ ಹುಡುಗಿಯ ಕೈ ನಡುಗುತ್ತಿತ್ತಂತೆ. ಅದನ್ನು ನೋಡಿ ಕುಡಿದುಬಿಟ್ಟನಂತೆ. ಎರಡನೇ ಸಲ ಕೇಳಿದ್ದು ಯಾಕೆ ಎಂಬುದು ತನಗೂ ತಿಳಿಯದು, ಬಾಯಿ ಕೇಳಿತು ಎಂದ. ಹೇಳುತ್ತ ಹೇಳುತ್ತ ನಕ್ಕ. ಪುಟ್ಟಕ್ಕನಿಗೆ ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟಂತಾಯಿತು. ಮದುವೆ ಉಳಿಯಿತು. ಅವಳೂ ನಗಬೇಕು ಅನ್ನುವಷ್ಟರಲ್ಲಿ ಬಾಗಿಲ ಕಡೆ ನೋಡಿದಳು.

ಕಮಲಕ್ಕ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಒಂದು ಕೈ ಹೊಟ್ಟೆಯ ಕೆಳಗೆ ಆಸರೆ ಹಿಡಿದಿತ್ತು. ಅವಳು ಪುಟ್ಟಕ್ಕನನ್ನೂ ನೋಡಲಿಲ್ಲ, ಅತ್ತೆಯನ್ನೂ ನೋಡಲಿಲ್ಲ, ಗಂಡನನ್ನು ನೋಡಿದಳು.

"ಗೊತ್ತಿದ್ದೂ ಕುಡದ್ರಿ?"

ಜಂಬಯ್ಯನ ನಗೆ ಬಾಯಲ್ಲೇ ನಿಂತಿತು.

"ಅಕ್ಕನಿಗೆ ಗೊತ್ತಿರ್ಲಿಲ್ಲ. ಅತ್ತೆಗೆ ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿತ್ತು. ಆ ಕೂಸಿನ ಕೈ ನಡುಗಿದ್ದು ಕಂಡ್ತು. ಈ ಕೂಸು ಕಾಣ್ಲಿಲ್ಲ."

ಅವನು ಏನೋ ಹೇಳಲು ಹೋದ. ಸಿಟ್ಟಿನಲ್ಲಿ ಆಡಿದ ಹಳೆ ಮಾತು, ಹೊಳೆಗೆ ಅದೆಲ್ಲ ನೆನಪಿರುತ್ತದೆಯೇ ಎಂದ. ಕಮಲಕ್ಕ ಕೇಳಿಸಿಕೊಳ್ಳಲಿಲ್ಲ. ಒಂಬತ್ತು ವರ್ಷ ಅವಳು ಕಂಡ ದೇವರಿಗೆಲ್ಲ ಸುತ್ತು ಹಾಕಿದ್ದಳು, ಸೋಮವಾರ ಸೋಮವಾರ ಒಪ್ಪೊತ್ತು ಇದ್ದಳು. ಆ ಒಂಬತ್ತು ವರ್ಷವನ್ನು ಅವನು ಎರಡು ಕಪ್ಪಿನಲ್ಲಿ ಕುಡಿದಿದ್ದ. ಒಳಗೆ ಹೋಗಿ ಸೀರೆ ಗಂಟು ಕಟ್ಟತೊಡಗಿದಳು. ತವರು ಹರಿಹರದಲ್ಲೇ ಇತ್ತು. ಹೆರಿಗೆಗೆ ಹೋಗುವುದೇ ಇತ್ತು, ಯುಗಾದಿ ಆದ ಮೇಲೆ ಅವಳ ತಾಯಿ ಬುತ್ತಿ ಕಟ್ಟಿಕೊಂಡು ಬಂದು ಕರೆದೊಯ್ಯುವುದೆಂದು ಮಾತಾಗಿತ್ತು. ಕರೆಯಲು ಯಾರೂ ಬರದೆ, ತುಂಬಿದ ಬಸುರಿ ತಾನಾಗಿ ಗಂಟು ಹೊತ್ತು ತವರಿಗೆ ಹೊರಟದ್ದನ್ನು ಆ ಸಾಲುಮನೆಯವರು ಯಾರೂ ಕಂಡಿರಲಿಲ್ಲ. ಅಕ್ಕಪಕ್ಕದ ಬಾಗಿಲುಗಳಲ್ಲಿ ತಲೆಗಳು ಕಂಡವು. ಈ ಹೊತ್ತು ಬೇಡ, ಒಂದು ರಾತ್ರಿ ಕಳೆಯಲಿ ಎಂದು ಪುಟ್ಟಕ್ಕ ಕಾಲು ಹಿಡಿದುಕೊಂಡ ಮೇಲೆ ಅಷ್ಟಕ್ಕೆ ನಿಂತಳು.

ಆ ರಾತ್ರಿ ಪುಟ್ಟಕ್ಕನೂ ದುರುಗವ್ವನೂ ಅಲ್ಲೇ ಉಳಿದರು.

ಬೆಳಿಗ್ಗೆ ರೈಲಿಗೆ ಹೊರಟಾಗ ಜಂಬಯ್ಯ ಗಂಟಿಗೆ ಕೈ ಚಾಚಿದ. ಕಮಲಕ್ಕ ಕೊಡಲಿಲ್ಲ, ಪುಟ್ಟಕ್ಕನ ಕೈಗೆ ಕೊಟ್ಟಳು. ಸ್ಟೇಷನ್ನಿನಲ್ಲಿ ಹರಿಹರದ ಗಾಡಿ ಬಂದು ನಿಂತಾಗ ದುರುಗವ್ವ ಕೋಲನ್ನು ಮೊದಲು ಒಳಗೆ ಹಾಕಿ, ಬಾಗಿಲ ಕಂಬಿ ಹಿಡಿದು ತಾನೂ ಹತ್ತತೊಡಗಿದಳು. ಅತ್ತೆ, ನೀವೆಲ್ಲಿಗೆ ಎಂದು ಪುಟ್ಟಕ್ಕ ದಿಗಿಲುಬಿದ್ದು ಸೆರಗು ಹಿಡಿದಳು. ಬೀಗರ ಮನೆಯಲ್ಲಿ ಒಂದು ಹೊತ್ತಿಗಿಂತ ಹೆಚ್ಚು ಕೂಡುವವಳಲ್ಲ ಮುದುಕಿ. ಸೊಸೆಯ ತವರಿನಲ್ಲಿ ಅತ್ತೆ ಹೋಗಿ ಬಾಣಂತನಕ್ಕೆ ಕೂತದ್ದು ಎಲ್ಲಿಯೂ ಇಲ್ಲ.

"ಕೂಸು ಅತ್ತ ದನಿ ಕೇಳೋಗಂಟ ನಾ ಅಲ್ಲೇ ಇರ್ತೀನಿ," ಎಂದಳು ದುರುಗವ್ವ. "ಅವರು ಜಗಲಿ ಮ್ಯಾಲೆ ಮಲಗಿಸಿದ್ರೂ ಸೈ. ಎಮ್ಮೆ ನೀನೇ ನೋಡ್ಕೊ."

ಕಮಲಕ್ಕ ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಕಿಟಕಿಯ ಹತ್ತಿರ ಕೂತಿದ್ದವಳು ಸ್ವಲ್ಪ ಸರಿದಳು. ಮುದುಕಿ ಆ ಜಾಗದಲ್ಲಿ ಕೂತಳು. ಗಾಡಿ ಹೊರಟಿತು.

ದುರುಗವ್ವನೂ ಕಮಲಕ್ಕನೂ ಹರಿಹರಕ್ಕೆ ಹೋದದ್ದು ಸೋಮವಾರ, ಹೋಳಿ ಹುಣ್ಣಿಮೆಯ ದಿನ. ಹೆರಿಗೆಗೆ ಇನ್ನೂ ಎರಡು ತಿಂಗಳಿತ್ತು.